ಪ್ರಶ್ನೆ ಕೇಳದ ತುಳಜವ್ವ

ನನ್ನ ಅತ್ತೆ ತುಳಜವ್ವ ಯಾರಿಗೂ ಪ್ರಶ್ನೆ ಕೇಳುತ್ತಿರಲಿಲ್ಲ. ಇದನ್ನು ಹೇಳಿದರೆ ನಮ್ಮ ಕಡೆಯವರು ನಂಬುವುದೇ ಇಲ್ಲ. ಔರಾದದಂಥ ಊರಲ್ಲಿ ಹಾದಿಗೆ ಹೋಗುವವರನ್ನು ನಿಲ್ಲಿಸಿ ಯಾರ ಪೈಕಿ, ಎಲ್ಲಿಂದ ಬಂದಿರಿ, ಮಕ್ಕಳೆಷ್ಟು, ಪಗಾರ ಎಷ್ಟು ಅಂತ ಕೇಳದಿದ್ದರೆ ಅದು ಮರ್ಯಾದೆಯೇ ಅಲ್ಲ. ಅತ್ತೆ ಮಾತ್ರ ಬಾಗಿಲಿಗೆ ಬಂದವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡುವರು, ಆಮೇಲೆ ತಾವೇ ಹೇಳಿಬಿಡುವರು.

“ಮುಂಜಾನಿ ಮೋಟಾರಿಗಿ ಬಂದಿ. ಕುಂದರ್ಲಿಕ್ಕ ಜಾಗ ಸಿಕ್ಕಿಲ್ಲ. ಹೊಟ್ಟಿ ಹಸ್ದದ. ಕೂಡು.”

ಹತ್ತಕ್ಕೆ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ತಪ್ಪಿದಾಗಲೂ ಯಾರೂ ತಿದ್ದುತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮುಂದೆ ರೊಟ್ಟಿ ಬಂದಿರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ನನಗೆ ಈ ಸ್ವಭಾವ ಕಂಡು ಭಯವೇ ಆಗಿತ್ತು. ಧೈರ್ಯ ಮಾಡಿ ಒಮ್ಮೆ ಕೇಳಿದೆ, ನೀವು ಯಾರಿಗೂ ಏನೂ ಯಾಕೆ ಕೇಳುವುದಿಲ್ಲ ಅಂತ. ಪುಂಡಿಪಲ್ಯ ಸೋಸುತ್ತ ಕೂತಿದ್ದವರು ತಲೆ ಎತ್ತದೆ ಹೇಳಿದರು: “ಕೇಳಿದ್ರ ಮಂದಿ ಸುಳ್ಳು ಹೇಳ್ತಾರ. ಪಾಪ, ಸುಮ್ಮನ ಅವರಿಗಿ ತ್ರಾಸ ಕೊಟ್ಟಂಗ.”

ಎತ್ತರದ ಹೆಂಗಸು. ಸೀರೆ ಕಣಕಾಲಿನ ಮೇಲಕ್ಕೇ ಇರುತ್ತಿತ್ತು, ಕೆಲಸಕ್ಕೆ ಅಡ್ಡ ಬರಬಾರದು ನೋಡಿ. ದನಿಯೋ, ಊರ ಅಗಸೆ ಬಾಗಿಲ ಹತ್ತಿರ ನಿಂತು ಮಾತಾಡಿದರೆ ಬಾವಿಯವರೆಗೆ ಕೇಳುತ್ತಿತ್ತು. ಅಗಲ ಹಣೆ, ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ, ನಗುವಾಗ ಬಾಯಿ ಒಂದು ಬದಿಗೆ ಎಳೆಯುತ್ತಿತ್ತು. ಇದನ್ನೆಲ್ಲ ಯಾಕೆ ಹೀಗೆ ಬಿಡಿಬಿಡಿಯಾಗಿ ಹೇಳುತ್ತಿದ್ದೇನೆ ಎಂದರೆ, ಆ ಮುಖವನ್ನು ನಾನು ಸರಿಯಾಗಿ ನೋಡಿದ್ದು ಬಹಳ ತಡವಾಗಿ.

ನನ್ನ ಗಂಡ ಅವರ ಒಬ್ಬನೇ ಮಗ. ಭಾಲ್ಕಿಯ ಕಚೇರಿಯಲ್ಲಿ ಗುಮಾಸ್ತರು. ಮದುವೆಯಾಗಿ ಎರಡನೇ ಮಳೆಗಾಲಕ್ಕೆ ಜ್ವರ ಬಂದು ಹೋಗಿಬಿಟ್ಟರು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಮುಂದಿನ ವರ್ಷ ತೆಗೆಸೋಣ ಅಂದಿದ್ದರು. ಅತ್ತೆ ಔರಾದದಿಂದ ಬಂದು ಕೊನೆಯ ಮೂರು ದಿನ ಅವರ ತಲೆದೆಸೆಗೆ ಕೂತಿದ್ದರು. ಎಲ್ಲ ಮುಗಿದ ಮೇಲೆ ಭಾಲ್ಕಿಯ ಮನೆಗೆ ಬೀಗ ಹಾಕಿ, ನನ್ನನ್ನೂ ಮಗನ ಕೊಡೆಯನ್ನೂ ಕರೆದುಕೊಂಡು ಔರಾದಕ್ಕೆ ಬಂದರು. ಕೊಡೆಯನ್ನು ಒಳಮನೆಯ ಗೂಟಕ್ಕೆ ನೇತುಹಾಕಿದರು. ಆಮೇಲೆ ಮಗನ ಬಗ್ಗೆ ಒಂದು ಮಾತು ಆಡಿದವರಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗಿ ದನಕ್ಕೆ ನೀರು ತೋರಿಸುತ್ತಿದ್ದರು.

ಅದೇ ಕಾಲಕ್ಕೆ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದುವಿನಲ್ಲಿ ನಡೆಯುತ್ತಿದ್ದ ಕಚೇರಿಗಳಿಗೆ, ಸಾಲೆಗಳಿಗೆ ಒಮ್ಮೆಲೇ ಕನ್ನಡ ಬಲ್ಲವರು ಬೇಕಾದರು. ನನ್ನ ತವರು ಕಮಠಾಣದಲ್ಲಿ ನಮ್ಮಪ್ಪ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕನ್ನಡ ಕಲಿಸಿದ್ದರು. ಸಂತೆಯಲ್ಲಿ ಈ ಸುದ್ದಿ ಕೇಳಿ ಬಂದ ಅತ್ತೆ ಚೀಲ ಕೆಳಗಿಡುವ ಮೊದಲೇ ಹೇಳಿದರು: “ನಿನಗ ಕನ್ನಡ ಬರ್ತದ. ಸಾಲ್ಯಾಗ ಕಲಸ್ತಿ. ನಾಳಿ ಬೀದರಕ್ಕ ಹೋಗ್ತೇವಿ.”

ಅತ್ತೆಯ ಮೈದುನಂದಿರೆಲ್ಲ ಸೇರಿ ಗದ್ದಲ ಮಾಡಿದರು. “ಗಂಡ ಸತ್ತ ಹೆಣ್ಣಮಗಳು ಒಬ್ಬಾಕಿ ಬೀದರದಾಗ ಇರ್ತಾಳೇನು?” ಅಂತ ಅವರಲ್ಲಿ ದೊಡ್ಡವರು ಕೂಗಿದರು.

“ಇರ್ತಾಳ” ಅಂದರು ಅತ್ತೆ. ಅಷ್ಟಕ್ಕೇ ಸಭೆ ಮುಗಿಯಿತು.

ಹೀಗೆ ನನಗೆ ಹೊಸ ಜನ್ಮ ಕೊಟ್ಟವರಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳದೆ ಅವರ ಬಗ್ಗೆ ಬರೆದರೆ ಅದು ಮೋಸ. ಹೇಳುತ್ತೇನೆ.

ಬೀದರದಲ್ಲಿ ಚೌಬಾರಾ ಬುರುಜಿನ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಹಗಲೆಲ್ಲ ಸಾಲೆ, ಸಂಜೆಯಾದರೆ ಗೋಡೆ ನೋಡುತ್ತ ಕೂಡುವುದು. ಜೊತೆಯ ಶಿಕ್ಷಕಿಯೊಬ್ಬಳು ನನ್ನ ಮುಖ ನೋಡಲಾರದೆ ಒಂದು ಮಂಡಳಿಗೆ ಕರೆದುಕೊಂಡು ಹೋದಳು. ಅದನ್ನು ನಡೆಸುತ್ತಿದ್ದವರಿಗೆ ಎಲ್ಲರೂ ಪ್ರೊಫೆಸರ್ ಸಾಹೇಬರು ಅನ್ನುತ್ತಿದ್ದರು. ಕರಿ ಕೋಟು, ಮೆತ್ತಗಿನ ಮಾತು, ಹೈದರಾಬಾದಿನಿಂದ ಬಂದವರು. ದೇವರಿಲ್ಲ, ಪೂಜೆಯಿಲ್ಲ, ಇದು ಪರದೇಶದ ಮನಸ್ಸಿನ ಸೈನ್ಸು ಅನ್ನುತ್ತಿದ್ದರು. ಯಾವ ಕಾಲೇಜಿನ ಪ್ರೊಫೆಸರು ಎಂದು ನಾವ್ಯಾರೂ ಕೇಳಲಿಲ್ಲ. ಕೇಳುವುದು ಅವರ ಕೆಲಸ, ನಮ್ಮದಲ್ಲ.

ಅಲ್ಲಿಯ ಪದ್ಧತಿ ಇಷ್ಟು. ಹಿತ್ತಾಳೆ ಗಿಲಾಸಿನ ತುಂಬ, ಅಂಚಿನವರೆಗೆ ನೀರು ತುಂಬಿ ನಿಮ್ಮ ಎರಡೂ ಅಂಗೈ ಮೇಲೆ ಇಡುತ್ತಾರೆ. ಎದುರಿಗೆ ಒಬ್ಬರು ಕೂತು ನಿಮ್ಮ ದುಃಖದ ಬಗ್ಗೆ ಕೇಳುತ್ತಾರೆ. ನೀವು ಹೇಳುತ್ತೀರಿ. ನೀರು ಅಲುಗಿದರೆ ಮನಸ್ಸಿನಲ್ಲಿ ಇನ್ನೂ ಕಸ ಇದೆ ಎಂದರ್ಥ. “ಮತ್ತೊಮ್ಮೆ ಹೇಳ್ರಿ” ಅನ್ನುತ್ತಾರೆ. ಮತ್ತೆ ಹೇಳಬೇಕು. ಅಲುಗದೆ ಹೇಳುವವರೆಗೂ ಹೇಳಬೇಕು. ಆಮೇಲೆ ಪ್ರೊಫೆಸರ್ ಸಾಹೇಬರು ಬಂದು “ನೀರು ನಿಂತಿತು” ಅನ್ನುತ್ತಾರೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನೀರು ನಿಂತವರು ಅಂದರೆ ಮಂಡಳಿಯಲ್ಲಿ ದೊಡ್ಡವರು. ಪಗಾರದ ಹೆಚ್ಚಿನ ಪಾಲು ಅಲ್ಲಿಗೇ ಹೋಗುತ್ತಿತ್ತು, ಅದರ ಮಾತು ಬಿಡಿ.

ಸುಳ್ಳು ಯಾಕೆ ಹೇಳಲಿ, ಮೊದಲ ದಿನ ಹಗುರಾಯಿತು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ಬೆಳೆದವಳು ನಾನು. ಅಲ್ಲಿ ಹೇಳಲೇಬೇಕು ಅಂದರು. “ಬಾಬುರಾವ್” ಅಂತ ನನ್ನ ಬಾಯಿಂದಲೇ ಕೇಳಿ ಗಿಲಾಸಿನ ಅರ್ಧ ನೀರು ಮಡಿಲಿಗೆ ಬಿತ್ತು. ಅತ್ತುಬಿಟ್ಟೆ. ಮನೆಗೆ ಬಂದು ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ. ಆ ಒಂದು ನಿದ್ದೆಗಾಗಿ ನಾನು ಅವರ ಆಳಾದೆ.

ನನ್ನ ನೀರು ನಿಂತಿತು. ಚಪ್ಪಾಳೆಯಾಯಿತು. ಆಮೇಲೆ ನನ್ನನ್ನೇ ಕೇಳುವವರ ಕುರ್ಚಿಯ ಮೇಲೆ ಕೂಡಿಸಿದರು. ಅಬ್ಬಾ, ಆ ಸೊಕ್ಕು! ರಸ್ತೆಯಲ್ಲಿ ಹೋಗುವ ಮಂದಿಯೆಲ್ಲ ನನಗೆ ಕಸ ತುಂಬಿದ ಗಿಲಾಸುಗಳಾಗಿ ಕಂಡರು. ಸಾಲೆಯಲ್ಲಿ ಸೀಮೆಸುಣ್ಣ ಕಳೆದರೂ ಹುಡುಗಿಯರ ಅಂಗೈ ಮೇಲೆ ನೀರಿನ ಗಿಲಾಸು ಇಟ್ಟೆ. ಹೆದರಿ ಕೈ ನಡುಗಿದವಳೇ ಕಳ್ಳಿ. ನಾನು, ಶಕುಂತಲಾಬಾಯಿ, ಕನ್ನಡ ಕಲಿಸಲು ಬಂದವಳು, ಹೀಗೆ ಮಾಡಿದೆ.

ಅತ್ತೆಯನ್ನೂ ಬಿಡಲಿಲ್ಲ. ಅವರು ಬೀದರಕ್ಕೆ ನನ್ನನ್ನು ನೋಡಲು ಬಂದಾಗ, ನಿಮ್ಮನ್ನು ಒಂದು ಒಳ್ಳೆಯ ಜಾಗಕ್ಕೆ ಕರೆದೊಯ್ಯುತ್ತೇನೆ ಎಂದು ಮಂಡಳಿಯ ಮೆಟ್ಟಿಲು ಹತ್ತಿಸಿದೆ. ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತರು. ಗಿಲಾಸು ಇಟ್ಟೆ. ಪ್ರೊಫೆಸರ್ ಸಾಹೇಬರು ನನ್ನ ಹಿಂದೆ ನಿಂತಿದ್ದರು. ಏನೇನೋ ಕೇಳಿದೆ. ಒಂದಕ್ಕೂ ನೀರು ಅಲುಗಲಿಲ್ಲ, ಬೀಸುವ ಕಲ್ಲು ತಿರುವಿದ ಕೈ ಅದು. “ಮಗನ ಬಗ್ಗೆ ಕೇಳಿ” ಎಂದು ಹಿಂದಿನಿಂದ ಪಿಸುದನಿ ಬಂತು.

ನಾನು ಕೇಳಿದೆ. “ಅತ್ತಿ, ನಿಮ್ಮ ಮಗ ಸತ್ತ ದಿನ ಏನೇನಾತು, ಮೊದಲಿಂದ ಹೇಳ್ರಿ.”

ನೀರು ಅಲುಗಿತು. ಒಂದು ಹನಿ ಅಂಚು ದಾಟಿ ಅವರ ಹೆಬ್ಬೆರಳಿನ ಮೇಲೆ ಇಳಿಯಿತು. ಅವರು ನನ್ನನ್ನು ನೋಡಿದರು, ಗಿಲಾಸನ್ನು ನೋಡಿದರು. ಆಮೇಲೆ ಅದನ್ನು ಎತ್ತಿ ಗಟಗಟ ಕುಡಿದುಬಿಟ್ಟರು.

“ನೀರಡಿಕಿ ಆಗಿತ್ತು” ಅಂದರು.

ಖಾಲಿ ಗಿಲಾಸನ್ನು ಮೇಜಿನ ಮೇಲೆ ಬೋರಲು ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದರು. ಸುತ್ತ ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರ್ ಸಾಹೇಬರ ಮುಖ ಕೆಂಪಾಯಿತು. ಅತ್ತೆ ಮೆಟ್ಟಿಲಿಳಿದು ಕೆಳಗಿನಿಂದ ಕೂಗಿದರು: “ಇಲ್ಲಿ ನೀರು ಚೊಕ್ಕ ಇಲ್ಲ ಶಕ್ಕೂ. ಕುದಿಸಿ ಕುಡಿ.”

ಈಗ ನೆನೆದರೆ ನಗು ಬರುತ್ತದೆ. ಅಂದು ನನಗೆ ಸಿಟ್ಟು ಬಂತು, ಮಂಡಳಿಯ ಎದುರು ನನ್ನ ಮಾನ ಹೋಯಿತೆಂದು. ಮಂಡಳಿಯನ್ನು ನಂಬದೆ ನಮ್ಮನ್ನು ಹಿಂದಕ್ಕೆಳೆಯುವವರಿಗೆ ಅಲ್ಲಿ ‘ಕಲ್ಲು’ ಅನ್ನುತ್ತಿದ್ದರು. ಕಲ್ಲಿನೊಡನೆ ಮಾತಾಡಬಾರದು, ಅವರು ಕೊಟ್ಟದ್ದು ಉಣ್ಣಬಾರದು, ಎದುರಿಗೆ ಬಂದರೆ ಮುಖ ತಿರುಗಿಸಬೇಕು. ತುಳಜವ್ವ ಕಲ್ಲು ಎಂದು ತೀರ್ಮಾನವಾಯಿತು. ಯಾರೂ ನನ್ನ ಕುತ್ತಿಗೆ ಹಿಡಿಯಲಿಲ್ಲ. ನಾನೇ ತಲೆಯಾಡಿಸಿದೆ.

ಸ್ವಲ್ಪ ದಿನಕ್ಕೆ ಮಂಡಳಿಯ ಇಬ್ಬರು ಹೆಂಗಸರ ಜೊತೆ, ಹೈದರಾಬಾದಿನಿಂದ ಬರುವ ಯಾರನ್ನೋ ಎದುರುಗೊಳ್ಳಲು ಮೋಟಾರ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಔರಾದದ ಮೋಟಾರು ಬಂತು. ಅದರಿಂದ ಅತ್ತೆ ಇಳಿದರು, ತಲೆಯ ಮೇಲೆ ಚೀಲ. ನನ್ನನ್ನು ಕಂಡು ಕೈ ಎತ್ತಿ, ಆ ಬಾವಿಯವರೆಗೆ ಹೋಗುವ ದನಿಯಲ್ಲಿ “ಶಕ್ಕೂ!” ಅಂದರು.

ನಾನು ಮುಖ ತಿರುಗಿಸಿದೆ. ಎದುರಿನ ಗೋಡೆಗೆ ಬೀಡಿಯ ಜಾಹೀರಾತು ಹಚ್ಚಿದ್ದರು, ಅದನ್ನೇ ಓದುತ್ತ ನಿಂತೆ.

ಅವರ ಜೊತೆ ಇಳಿದ ಔರಾದದ ಹೆಂಗಸು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ತುಳಜವ್ವ, ಅಕಿ ನಿನ್ನ ಸೊಸಿ ಅಲ್ಲೇನು?”

“ಅಲ್ಲ. ಹಂಗ ಕಾಣ್ತಾಳ ಅಷ್ಟ. ನಮ್ಮ ಶಕ್ಕು ಈ ಹೊತ್ತಿಗಿ ಸಾಲ್ಯಾಗ ಇರ್ತಾಳ.”

ಬಂದ ಮೋಟಾರಿನಲ್ಲೇ ತಿರುಗಿ ಹೋದರು. ಚೀಲವನ್ನು ಯಾರ ಕೈಯಲ್ಲೋ ಸಾಲೆಗೆ ಕಳಿಸಿದ್ದರು. ಜೋಳದ ಹಿಟ್ಟು, ರೊಟ್ಟಿ ಜೊತೆ ತಿನ್ನುವ ಶೇಂಗಾ ಹಿಂಡಿ, ಒಂದು ಬಟ್ಟೆಯಲ್ಲಿ ಸುತ್ತಿದ ಬೆಲ್ಲ. ಕಲ್ಲಿನ ಮನೆಯದು ಎಂದು ನಾನು ಮುಟ್ಟಲಿಲ್ಲ, ಎಲ್ಲವನ್ನೂ ಬೀದಿಯ ದನಕ್ಕೆ ಹಾಕಿಸಿದೆ. ಆ ದನ ಹಿಟ್ಟು ನೆಕ್ಕುವುದನ್ನು ನಿಂತು ನೋಡಿದೆ ಕೂಡ.

ಮಂಡಳಿ ಬಿಟ್ಟದ್ದು ಜಾಣತನದಿಂದಲ್ಲ. ಜನವಾಡದ ಕಡೆಯ ಒಬ್ಬ ಹುಡುಗಿಯಂಥ ತಾಯಿ ಕೂಸು ಕಳಕೊಂಡು ನನ್ನೆದುರು ಬಂದು ಕೂತಳು. ಎಷ್ಟೋ ವಾರ “ಮತ್ತೊಮ್ಮೆ ಹೇಳು” ಅಂದೆ. ಕೊನೆಗೊಂದು ದಿನ ಒಣಗಿದ ಮುಖದಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ನೀರು ನಿಂತಿತು, ಚಪ್ಪಾಳೆಯಾಯಿತು. ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ನನ್ನ ಸೆರಗು ಹಿಡಿದಳು.

“ಬಾಯಾರ, ಕೂಸಿನ ಮಾರಿ ನೆನಪಿಗಿ ಬರವಲ್ದರಿ. ಮುಂಜಾನಿಯಿಂದ ನೋಡ್ಲಿಕತ್ತೀನಿ. ಬರವಲ್ದು. ಏನ್ ಮಾಡ್ಲಿ?”

ಬರುತ್ತದೆ ಬಿಡವ್ವ ಎಂದು ಹೇಳಲು ಬಾಯಿ ತೆರೆದೆ. ಆಗ ನನ್ನ ಗಂಡನ ಮುಖ ನೆನೆಯಲು ನೋಡಿದೆ. ಬರಲಿಲ್ಲ. ಜ್ವರ ಬಂದದ್ದು, ಡಾಕ್ಟರು ಸಿಗದೇ ಇದ್ದದ್ದು, ತಲೆದೆಸೆಗೆ ಅತ್ತೆ ಕೂತದ್ದು, ಕುರ್ಚಿಯ ಮೇಲೆ ಕೂತು ಹೇಳಿದ ಒಂದೊಂದು ವಾಕ್ಯವೂ ಸಾಲಾಗಿ ಬಂತು. ಮುಖ ಬರಲಿಲ್ಲ. ಹೇಳಿ ಹೇಳಿ ನಾನು ಅವರನ್ನು ಸವೆಸಿಬಿಟ್ಟಿದ್ದೆ. ಆ ಹುಡುಗಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಬಿಟ್ಟ ಮೇಲಿನ ಬದುಕು ಸುಲಭ ಅಂದುಕೊಂಡರೆ ಅದೂ ಸುಳ್ಳು. ನನ್ನನ್ನು ಅಲ್ಲಿಗೆ ಕರೆದೊಯ್ದ ಶಿಕ್ಷಕಿ ಈಗ ನನ್ನನ್ನು ಕಂಡರೆ ಮುಖ ತಿರುಗಿಸಿದಳು, ನಾನೇ ಕಲ್ಲಾಗಿದ್ದೆ. ಚೌಬಾರಾದ ಕಿರಾಣಿ ಅಂಗಡಿಯವನು “ಬಾಯಾರ, ನೀರು ನಿಂತಿಲ್ಲೇನ್ರಿ ಇನ್ನಾ?” ಅಂತ ಕಿಚಾಯಿಸುತ್ತಿದ್ದ, ನಾನೂ ಹಲ್ಲು ಕಿರಿದು ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಯಾರಾದರೂ ಸುಮ್ಮನೆ “ಹ್ಯಾಂಗಿದ್ದೀರಿ?” ಅಂದರೂ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದೆ. ಒಂದು ಮಧ್ಯಾಹ್ನ ಪಾಠದ ನಡುವೆ ಗಂಟಲೊಣಗಿ ಗಿಲಾಸಿಗೆ ನೀರು ಬಗ್ಗಿಸಿಕೊಂಡೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಟ್ಟನೆ ಎದ್ದು ಎರಡೂ ಅಂಗೈ ಮುಂದೆ ಚಾಚಿ ನಿಂತಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾನು ಆ ನೀರನ್ನು ಅವಳಿಗೆ ಕುಡಿಯಲು ಕೊಟ್ಟೆ, ಅವಳು ಕುಡಿಯಲು ಹೆದರಿದಳು.

ಔರಾದಕ್ಕೆ ಹೋಗಲು ಮುಖವಿರಲಿಲ್ಲ. ಎರಡು ರಜೆ ಹಾಗೇ ಕಳೆದೆ. ಮೂರನೆಯದಕ್ಕೆ ಮೋಟಾರು ಹತ್ತಿದೆ, ಜನವಾಡದಲ್ಲಿ ಇಳಿದು ತಿರುಗಿ ಹೋಗೋಣವೆಂದು ಏಳಲೂ ಎದ್ದೆ. ಚೀಲಗಳ ನಡುವೆ ದಾರಿ ಸಿಗದೆ ಕೂತುಬಿಟ್ಟೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಬಾಗಿಲಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಿ ಮೇಲಿಂದ ಕೆಳಗೆ ನೋಡಿದರು.

“ಬಂದಿ. ಸೊರಗಿದಿ. ಕಾಲು ತೊಳ್ಕೊ.”

“ಅತ್ತಿ, ಅವತ್ತ ಮೋಟಾರ್ ಸ್ಟ್ಯಾಂಡಿನ್ಯಾಗ…”

“ಅವತ್ತ ನೀ ಸಾಲ್ಯಾಗ ಇದ್ದಿ.”

“ಇಲ್ರೀ ಅತ್ತಿ, ನಾನ ಇದ್ದೆ. ನಿಮ್ಮನ್ನ ನೋಡಿ…”

“ಸಾಲ್ಯಾಗ ಇದ್ದಿ ಅಂದೆ.” ಮೊರ ಕೆಳಗಿಟ್ಟರು. “ನಾಚಿಕಿ ಆಗ್ಯದ ನಿನಗ. ಆಗ್ಲಿ. ನಾಚಿಕಿ ಆದವರು ಉಪಾಸ ಇರಬೇಕಂತ ಎಲ್ಲೂ ಬರ್ದಿಲ್ಲ. ಒಳಗ ಹಿಟ್ಟು ನಾದಿಟ್ಟೀನಿ, ರೊಟ್ಟಿ ಬಡಿ.”

ಬಡಿದೆ. ಕಣ್ಣೀರು ಹಿಟ್ಟಿಗೆ ಬೀಳದ ಹಾಗೆ ಭುಜಕ್ಕೆ ಒರೆಸಿಕೊಳ್ಳುತ್ತ ಬಡಿದೆ. ಹೊರಗಿನಿಂದ ದನಿ ಬಂತು: “ದಪ್ಪ ಮಾಡ್ಲಿಕತ್ತಿ. ಸಪ್ಪಳದಾಗ ಗೊತ್ತಾಗ್ತದ.”

ಅಂದಿನಿಂದ ಪ್ರತಿ ರಜೆಗೂ ಹೋದೆ. ವರ್ಷಗಳು ಹೋದವು. ಮಂಡಳಿಯೂ ಏತರಿಂದಲೋ ಒಡೆದು, ಪ್ರೊಫೆಸರ್ ಸಾಹೇಬರು ಊರು ಬಿಟ್ಟರಂತೆ. ಅತ್ತೆ ಮೋಟಾರ್ ಸ್ಟ್ಯಾಂಡಿನ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ? ಹೇಳಿದ್ದನ್ನೇ ಮತ್ತೆ ಹೇಳುವ ಮಂಡಳಿಯ ಚಟ ಮಾತ್ರ ನನ್ನಲ್ಲಿ ಉಳಿದಿತ್ತು. ಸಾಲೆಯ ಸುದ್ದಿಯನ್ನು ಎರಡನೇ ಸಲ ಶುರು ಮಾಡಿದರೆ “ಕೇಳ್ದೆ. ನನ್ನ ಕಿವಿ ಛಲೋ ಅವ” ಅನ್ನುತ್ತಿದ್ದರು. ಆ ಗದರಿಕೆಯೇ ನನ್ನ ಚಟ ಬಿಡಿಸಿತು.

ಆದರೆ ಗಂಡನ ಮುಖ ತಿರುಗಿ ಬರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಗೂಟದ ಮೇಲಿನ ಕೊಡೆಯನ್ನು ನೋಡುತ್ತ ಕೂಡುತ್ತಿದ್ದೆ. ಕೊಡೆ ಹಿಡಿದ ಕೈ ಕೂಡ ನೆನಪಾಗುತ್ತಿರಲಿಲ್ಲ. ಮನೆಯಲ್ಲಿ ಅವರನ್ನು ಪೂರ್ತಿಯಾಗಿ ಇಟ್ಟುಕೊಂಡವರು ಒಬ್ಬರೇ ಇದ್ದರು, ಅವರು ಬಾಯಿ ಬಿಡುವವರಲ್ಲ.

ಕೊನೆಯ ಸಲ ಅತ್ತೆಯನ್ನು ನೋಡಿದ್ದು ಒಂದು ಬೇಸಿಗೆ ಮಧ್ಯಾಹ್ನ. ಹಾಸಿಗೆ ಹಿಡಿದಿದ್ದರು. ಆ ದನಿ ಈಗ ಪಕ್ಕದಲ್ಲಿ ಕೂತರೆ ಮಾತ್ರ ಕೇಳುತ್ತಿತ್ತು. ಬೀದರಕ್ಕೆ ತಿರುಗಿ ಹೋಗುವ ಮೋಟಾರಿಗೆ ಇನ್ನೂ ಹೊತ್ತಿತ್ತು. ಕೊಡೆಯ ಕಡೆಗೇ ಕಣ್ಣಿಟ್ಟಿದ್ದವರು ನನ್ನ ಕಡೆ ತಿರುಗಿದರು.

“ಶಕ್ಕೂ, ಹೇಳಿದ್ರ ಕಡಿಮಿ ಆಗ್ತದೇನು?”

ನನ್ನ ಕೈಲಿದ್ದ ಬೀಸಣಿಗೆ ನಿಂತಿತು. ಆ ಬಾಯಿಂದ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅದು ದುಃಖದ ಬಗ್ಗೆ ಅಲ್ಲ, ಮಗನ ನೆನಪಿನ ಬಗ್ಗೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ದೇವರೇ, ಆ ಗಳಿಗೆಯಲ್ಲಿ ನನಗೆ ಎಂಥ ದುರಾಸೆ ಬಂತು! ಕಡಿಮೆ ಆಗುವುದಿಲ್ಲ, ಹೇಳಿರಿ ಅಂದಿದ್ದರೆ ಸಾಕಿತ್ತು. ಅವರು ಹೇಳುತ್ತಿದ್ದರು. ಅವರ ಮಗ ಹೇಗೆ ನಗುತ್ತಿದ್ದ, ಹೇಗೆ ನೋಡುತ್ತಿದ್ದ, ಎಲ್ಲವೂ ನನಗೆ ಸಿಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆಗ ಅವರು ಮೇಜಿನ ಮೇಲೆ ಬೋರಲು ಇಟ್ಟ ಆ ಗಿಲಾಸು ನೆನಪಾಯಿತು.

“ಆಗ್ತದ್ರೀ ಅತ್ತಿ” ಅಂದೆ. “ನಂದು ಪೂರಾ ಕಡಿಮಿ ಆತು. ಈಗ ನನಗ ಅವರ ಮಾರಿ ಸುದ್ಧಾ ನೆನಪಿಲ್ರೀ.”

ಹೇಳಿ ತಲೆ ತಗ್ಗಿಸಿದೆ. ಮೋಟಾರ್ ಸ್ಟ್ಯಾಂಡಿನಲ್ಲಿ ಮಾಡಿದ್ದಕ್ಕಿಂತ ದೊಡ್ಡ ನಾಚಿಕೆ ಇದು, ಒಬ್ಬ ತಾಯಿಗೆ ನಿನ್ನ ಮಗನನ್ನು ಕಳೆದುಬಿಟ್ಟೆ ಎಂದು ಹೇಳುವುದು.

“ಹಂಗಾದ್ರ ಬ್ಯಾಡ” ಅಂದರು ಅತ್ತೆ. “ನಾ ಹೇಳಂಗಿಲ್ಲ. ಅಂವ ನನ್ನ ಬಲ್ಲಿ ಹಂಗ ಇರ್ಲಿ.”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆಗ ಅವರ ಒಣಗಿದ ಕೈ ಬಂದು ನನ್ನ ಗದ್ದ ಹಿಡಿಯಿತು. ರೊಟ್ಟಿಯ ಹೆಂಚು ಹಿಡಿದು ಹಿಡಿದು ಒರಟಾದ ಬೆರಳು. ಮುಖವನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು.

“ಬಾಬು ಥೇಟ್ ನನ್ನಂಗ ಇದ್ದ. ಮಂದಿ ಎಲ್ಲಾ ಅಂತಿದ್ರು. ಮಾರಿ ತಿರುವಬ್ಯಾಡ. ನೋಡ್ಕೋ.”

ಹೊರಗೆ ಬೀದರದ ಮೋಟಾರು ಹಾರ್ನು ಹೊಡೆಯಿತು. ನಾನು ಏಳಲಿಲ್ಲ. ಆ ಅಗಲ ಹಣೆಯನ್ನು, ಎಡಗಣ್ಣಿನ ಕೆಳಗಿನ ಮಚ್ಚೆಯನ್ನು, ನಗಲು ಹೋಗಿ ಒಂದು ಬದಿಗೆ ಎಳೆದ ಬಾಯಿಯನ್ನು ನೋಡುತ್ತ ಕೂತೆ.